ಕರಗಲೊಲ್ಲದ ಚೀಸು

ಚೀಸಿಗೆ ವಯಸ್ಸಾದಷ್ಟೂ ಬೆಲೆ ಏರುತ್ತದೆ, ರುಚಿ ಏರುತ್ತದೆ, ಗೌರವ ಏರುತ್ತದೆ. ಕರಗುವ ಗುಣ ಮಾತ್ರ ಇಳಿಯುತ್ತದೆ. ನಮ್ಮ ಬಂಧುಬಳಗದಲ್ಲಿ ಇಂಥ ಹಿರಿಯರು ಒಂದಿಬ್ಬರು ಇರುವುದರಿಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದರೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ಚನ್ನು ಮನೆಯಲ್ಲೇ ದೊಡ್ಡ ಹೋಟೆಲಿನವರಂತೆ ಮಾಡಿ ತೋರಿಸುತ್ತೇನೆಂದು ಹೊರಡುವವರು ಮೊದಲು ಎಡವುವುದು ಇಲ್ಲೇ. ಅಂಗಡಿಯಲ್ಲಿರುವ ಚೀಸುಗಳಲ್ಲೆಲ್ಲ ದುಬಾರಿಯಾದದ್ದನ್ನು ಆರಿಸಿ ತರುತ್ತಾರೆ. ಕಾವಲಿಯ ಮೇಲೆ ಅದು ದಾಕ್ಷಿಣ್ಯಕ್ಕೂ ಕರಗುವುದಿಲ್ಲ.

ನನ್ನ ಅಕ್ಕನ ಮಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹೈನಿನ ಸೀಮೆ ಅದು. ಕಾರುಗಳ ನಂಬರ್ ಪ್ಲೇಟಿನ ಮೇಲೂ ಅಮೆರಿಕದ ಹೈನುನಾಡು ಎಂದು ಬರೆಸಿಕೊಂಡಿದ್ದಾರೆ; ಚೀಸ್ ಮಾಡಿ ಮಾರುವವರಿಗೆ ಸರ್ಕಾರದ ಲೈಸೆನ್ಸ್ ಬೇಕು. ಬೆಣ್ಣೆಯ ವೇಷ ಹಾಕುತ್ತದೆಂಬ ಸಿಟ್ಟಿಗೆ, ಹಳದಿ ಬಣ್ಣದ ಮಾರ್ಗರೀನ್ ಮಾರುವುದನ್ನು 1967ರವರೆಗೂ ಅಲ್ಲಿ ನಿಷೇಧಿಸಿದ್ದರಂತೆ. ಜನ ಪಕ್ಕದ ಇಲಿನಾಯ್‌ಗೆ ಕಾರು ಓಡಿಸಿಕೊಂಡು ಹೋಗಿ ಡಿಕ್ಕಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಅಂಥ ಕಡೆಯಿಂದ ರಜೆಗೆ ಮೈಸೂರಿಗೆ ಬಂದ ಹುಡುಗ, ದಾರಿಯಲ್ಲಿ ಬೆಂಗಳೂರಿನ ಯಾವುದೋ ಅಂಗಡಿಯಿಂದ ಐದು ವರ್ಷ ಹಳೆಯ ಚೆಡ್ಡರ್ ಹಿಡಿದುಕೊಂಡೇ ಮನೆಯೊಳಗೆ ಕಾಲಿಟ್ಟ.

ಅಮ್ಮ ಮೊದಲು ಕೇಳಿದ್ದು ಬೆಲೆಯನ್ನಲ್ಲ. "ಹಸಿರು ಚುಕ್ಕೆ ಇದ್ಯೇನೋ?" ಎಂದಳು.

ಕೇಳಬೇಕಾದ ಪ್ರಶ್ನೆಯೇ ಅದು. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ಕಿಣ್ವವನ್ನು ಹಿಂದಿನಿಂದಲೂ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೊ ರೆಜಾನೊಗೆ ಇವತ್ತಿಗೂ ಅದೇ ಆಗಬೇಕು, ನಿಯಮವೇ ಹಾಗಿದೆ. ಕರುವಿನ ಆ ಕಿಣ್ವವನ್ನೇ ಸೂಕ್ಷ್ಮಜೀವಿಗಳಿಂದ ಮಾಡಿಸಿಕೊಳ್ಳುವ ವಿಧಾನಕ್ಕೆ 1990ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು, ಈಗ ಅಲ್ಲಿನ ಬಹುಪಾಲು ಚೀಸು ಆ ದಾರಿಯದ್ದು. ಹುಡುಗ ಪೊಟ್ಟಣ ತಿರುಗಿಸಿ ಹಸಿರು ಚುಕ್ಕೆ ತೋರಿಸಿದ. ಒಂದು ಕೆಜಿ ಚೆಡ್ಡರ್‌ಗೆ ಹೆಚ್ಚುಕಮ್ಮಿ 10 ಲೀಟರ್ ಹಾಲು ಬೇಕು ಎಂದೂ ಸೇರಿಸಿದ. ಅದನ್ನು ಹೇಳಬಾರದಿತ್ತು. ಅಮ್ಮ ಆ ಹಾಲಿಗೆ ಎಷ್ಟು ದಿನದ ಕಾಫಿಯಾಗುತ್ತಿತ್ತು ಎಂಬ ಲೆಕ್ಕದಲ್ಲಿ ಮುಳುಗಿದಳು.

ಅವನ ಮೊದಲ ಸ್ಯಾಂಡ್‌ವಿಚ್ ಹೊರಗಿನಿಂದ ಹೊಂಬಣ್ಣಕ್ಕೆ ಬಂದಿತ್ತು. ಬಿಡಿಸಿದರೆ ಒಳಗೆ ಎಣ್ಣೆ ಬೇರೆ, ತರಿತರಿಯಾದ ಗಂಟು ಬೇರೆ. ಹುಡುಗನ ಮುಖ ಸಪ್ಪಗಾಯಿತು. ಅಮ್ಮ ಮಾತ್ರ ಮೆಚ್ಚಿಕೊಂಡಳು: "ಎಣ್ಣೆ ಬಿಟ್ಕೊಂಡಿದ್ಯಲ್ಲೋ, ಹದವಾಗಿ ಬೆಂದಿದೆ." ಗೊಜ್ಜು ಕುದಿಸಿ ಕೈ ಪಳಗಿದವರ ಶಾಸ್ತ್ರದಲ್ಲಿ ಎಣ್ಣೆ ಮೇಲೆ ತೇಲಿದರೆ ಅಡುಗೆ ಆಯಿತೆಂದು ಅರ್ಥ. ಚೀಸಿನ ಶಾಸ್ತ್ರದಲ್ಲಿ ಅದು ಕೆಟ್ಟಿತೆಂದು ಅರ್ಥ.

ಯಾಕೆ ಹೀಗಾಗುತ್ತದೆ? ಚೀಸೆಂದರೆ ಕೇಸೀನ್ ಎಂಬ ಪ್ರೋಟೀನಿನ ಬಲೆ. ಅದನ್ನು ಕಟ್ಟಿ ಹಿಡಿದಿರುವುದು ಕ್ಯಾಲ್ಸಿಯಂ. ಒಳಗೆ ಸಿಕ್ಕಿಕೊಂಡಿರುವುದು ಕೊಬ್ಬು ಮತ್ತು ನೀರು. ಕೆಲವು ತಿಂಗಳ ಎಳೆಯ ಚೆಡ್ಡರ್‌ನಲ್ಲಿ ಬಲೆ ಗಟ್ಟಿಯಾಗಿರುತ್ತದೆ, ಬಿಸಿ ತಾಗಿದರೆ ಒಟ್ಟಾಗಿ ಸಡಿಲಗೊಂಡು ಹರಿಯುತ್ತದೆ. ವರ್ಷಗಳು ಕಳೆದಂತೆ ಕಿಣ್ವಗಳು ಆ ದಾರಗಳನ್ನು ತುಂಡು ತುಂಡು ಮಾಡುತ್ತವೆ. ಹಳೆಯ ಚೀಸಿನ ಖಾರಕ್ಕೂ ಘಾಟಿಗೂ ಆ ಚೂರುಗಳೇ ಕಾರಣ, ಬಿಸಿಗೆ ಕೊಬ್ಬನ್ನು ಹಿಡಿದಿಡಲಾರದ ಕೈಲಾಗದತನಕ್ಕೂ ಅವೇ ಕಾರಣ. ನಮ್ಮ ಪನೀರಿನ ಕಥೆ ಇನ್ನೊಂದು ತುದಿಯದು. ಕುದಿಹಾಲಿಗೆ ಹುಳಿ ಹಿಂಡಿದಾಗ ಕ್ಯಾಲ್ಸಿಯಂ ಕರಗಿ ಹೋಗಿ ಪ್ರೋಟೀನುಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಳ್ಳುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಬಿಡುವುದಿಲ್ಲ.

ಪರಿಹಾರ ನಮ್ಮ ಫ್ರಿಜ್ಜಿನ ಬಾಗಿಲಲ್ಲೇ ಇತ್ತು, ಮಕ್ಕಳ ಅಮುಲ್ ಕ್ಯೂಬು. ಹುಡುಗ ಅದನ್ನು ಕಂಡು ಮೂಗು ಮುರಿದ. ಅವನಂಥವರೆಲ್ಲ ಮುರಿಯುತ್ತಾರೆ. ಆದರೆ ಸಂಸ್ಕರಿಸಿದ ಚೀಸಿನ ಹಿಂದೆ ಒಳ್ಳೆಯ ತಲೆಗಳು ಕೆಲಸ ಮಾಡಿವೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಎಂಬ ಊರಲ್ಲಿ ವಾಲ್ಟರ್ ಗೆರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಎಂಬಿಬ್ಬರು ಎಮೆಂಟಾಲ್ ಚೀಸಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ಕಾಯಿಸಿದರು. ಈ ಉಪ್ಪು ಬಲೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಬಿಡುಗಡೆಯಾದ ಪ್ರೋಟೀನು ಕೊಬ್ಬನ್ನೂ ನೀರನ್ನೂ ಜಗಳವಾಡದಂತೆ ಹಿಡಿದುಕೊಳ್ಳುತ್ತದೆ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದಾಗ ಬುಸ್ಸೆಂದು ನೊರೆ ಬಂದು ಉಳಿಯುವುದೂ ಇದೇ ಉಪ್ಪು. 1916ರಲ್ಲಿ ಶಿಕಾಗೊದ ಜೇಮ್ಸ್ ಕ್ರಾಫ್ಟ್ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದು, ಮೊದಲ ಮಹಾಯುದ್ಧದ ಸೈನಿಕರಿಗೆ ಚೀಸನ್ನು ಡಬ್ಬಿಯಲ್ಲಿ ತುಂಬಿ ಕಳಿಸಿದ. 1928ರ ಜುಲೈ 7ರಂದು ಮಿಸೌರಿಯ ಚಿಲಿಕಾಥಿ ಎಂಬ ಊರಿನಲ್ಲಿ, ಆಟೊ ರೋವೆಡರ್ ಮಾಡಿದ ಯಂತ್ರದಿಂದ ಕತ್ತರಿಸಿದ ಬ್ರೆಡ್ಡು ಮೊದಲ ಸಲ ಮಾರಾಟಕ್ಕೆ ಬಂತು. ಮರುವರ್ಷ ಷೇರುಪೇಟೆ ಕುಸಿಯಿತು. ಅಗ್ಗದ ಬ್ರೆಡ್ಡು, ಅಗ್ಗದ ಚೀಸು, ಖಾಲಿ ಜೇಬು ಸೇರಿದ ಮೇಲೆ ಈ ತಿಂಡಿ ಹುಟ್ಟದೇ ಇನ್ನೇನು? ಎರಡನೇ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಅಡುಗೆಯವರು ಇದನ್ನು ರಾಶಿಗಟ್ಟಲೆ ಮಾಡಿ ಹಾಕಿದರು. ಅದೇ ಯುದ್ಧದ ಉಳಿತಾಯಕ್ಕೆಂದು 1943ರ ಜನವರಿಯಲ್ಲಿ ಕತ್ತರಿಸಿದ ಬ್ರೆಡ್ಡಿನ ಮಾರಾಟವನ್ನೇ ಸರ್ಕಾರ ನಿಲ್ಲಿಸಿತ್ತು. ಮನೆಮನೆಯ ಗೊಣಗಾಟಕ್ಕೆ ಸೋತು ಮಾರ್ಚ್‌ನಲ್ಲಿ ಆಜ್ಞೆ ಹಿಂತೆಗೆದುಕೊಂಡಿತು.

ಇಂಥ ಬಡವರ ತಿಂಡಿಗೆ ಈಗ ಪೇಟ ತೊಡಿಸುವ ಸಂಭ್ರಮ. ಪೇಟ ಬೇಡವೆನ್ನುವವಳು ನಾನಲ್ಲ, ತೊಟ್ಟವನು ಹುಟ್ಟಿದ ಮನೆ ಮರೆಯಬಾರದು ಅಷ್ಟೆ. ಹಳೆಯ ಚೆಡ್ಡರ್ ಒಂದು ಪಾಲು, ಎಳೆಯ ಚೀಸು ಎರಡು ಪಾಲು, ಜೊತೆಗೆ ಅರ್ಧ ಕ್ಯೂಬು: ಮೂರನ್ನೂ ತುರಿದು ಬೆರೆಸಿದರೆ ಹಿರಿಯನ ರುಚಿ ಕಿರಿಯರ ಹೆಗಲೇರಿ ಬರುತ್ತದೆ. ಕ್ಯೂಬಿನಲ್ಲಿರುವ ಉಪ್ಪು ಪಕ್ಕದವರನ್ನೂ ಸಂಭಾಳಿಸುತ್ತದೆ. ಹೋಳು ಮಾಡಿ ಇಡುವುದಕ್ಕಿಂತ ತುರಿಯುವುದು ಮೇಲು, ಬೇಗ ಕರಗುತ್ತದೆ.

ಬ್ರೆಡ್ಡಿನ ವಿಷಯದಲ್ಲಿ ನನ್ನದು ಹಟ. ದೊಡ್ಡ ದೊಡ್ಡ ತೂತಿನ ಸೋರ್‌ಡೋ ಫೋಟೊಗೆ ಚಂದ. ಚೀಸು ಆ ತೂತುಗಳಿಂದ ಸೋರಿ ಕಾವಲಿ ಸೇರುತ್ತದೆ. ಸಣ್ಣ ಕಣ್ಣಿನ, ಸ್ವಲ್ಪ ಗಟ್ಟಿಯಾದ, ನಿನ್ನೆಯ ಬ್ರೆಡ್ಡು ಒಳ್ಳೆಯದು. ಅಯ್ಯಂಗಾರ್ ಬೇಕರಿಯ ಬ್ರೆಡ್ಡಿಗೆ ಸಿಹಿ ಒಂದು ಚೂರು ಮುಂದು, ಹಾಗಾಗಿ ಬೇಗ ಕೆಂಪಗಾಗುತ್ತದೆ, ಉರಿ ಇನ್ನಷ್ಟು ತಗ್ಗಿಸಬೇಕು. ಹೊರಮೈಗೆ ಏನು ಸವರಬೇಕು ಎಂಬುದು ಅಮೆರಿಕದ ಅಡುಗೆಯವರ ನಡುವೆ ದೊಡ್ಡ ವ್ಯಾಜ್ಯ. ಬೆಣ್ಣೆಯಲ್ಲಿ ಶೇ. 16ರಷ್ಟು ನೀರು, ಅದರ ಜೊತೆ ಬೇಗ ಸೀಯುವ ಹಾಲಿನ ಅಂಶ. ಅದಕ್ಕೇ ಮೇಯನೇಸ್ ಸವರಿ ಎನ್ನುತ್ತದೆ ಒಂದು ಪಂಗಡ. ಮೊಟ್ಟೆ ತಾಗಿದ ಕಾವಲಿಯಲ್ಲಿ ಅಮ್ಮ ಮತ್ತೆ ದೋಸೆ ಹುಯ್ಯುವುದಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ವಾದಕ್ಕೇ ಆಸ್ಪದವಿರಲಿಲ್ಲ. ತುಪ್ಪ ಸವರಿದೆವು. ನೀರಿಲ್ಲ, ಸೀಯುವ ಗಷ್ಟಿಲ್ಲ, ಅಂಚಿನವರೆಗೆ ಒಂದೇ ಬಣ್ಣ. ಹುಡುಗ ತಾನೇ ಹೊಸತಾಗಿ ಕಂಡುಹಿಡಿದವನಂತೆ ಫೋನಿನಲ್ಲಿ ಬರೆದುಕೊಂಡ.

ಇನ್ನು ಉರಿ. ಬ್ರೆಡ್ಡಿನ ಮೈ ಕೆಂಪಗಾಗಲು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಒಳಗಿನ ಚೀಸಿಗೆ 65ರ ಸುಮಾರು ಸಾಕು. ಸುಲಭವೆನಿಸುತ್ತದೆ, ಆದರೆ ನಡುವೆ ಬ್ರೆಡ್ಡಿದೆ. ಗಾಳಿ ತುಂಬಿದ ಅದರ ಮೈಯಲ್ಲಿ ಬಿಸಿ ಆಮೆಯ ನಡಿಗೆಯಲ್ಲಿ ಒಳಹೋಗುತ್ತದೆ. ಉರಿ ಜೋರಾದರೆ ಹೊರಗೆ ಕರಿಕು, ಒಳಗೆ ತಣ್ಣನೆಯ ತುರಿ. ಕಬ್ಬಿಣದ ಕಾವಲಿಯನ್ನು ಹದವಾಗಿ ಕಾಯಿಸಿ, ಉರಿ ಸಣ್ಣಗೆ ಮಾಡಿ, ಸ್ಯಾಂಡ್‌ವಿಚ್ ಇಟ್ಟು ಮುಚ್ಚಳ ಮುಚ್ಚಬೇಕು. ಮಗುಚಿದ ಮೇಲೆ ಮುಚ್ಚಳ ತೆಗೆದುಬಿಡಬೇಕು, ಇಲ್ಲದಿದ್ದರೆ ಹಬೆಗೆ ಗರಿಗರಿ ಹೋಗುತ್ತದೆ. ಇಳಿಸಿದ್ದನ್ನು ತಟ್ಟೆಗೆ ಹಾಕದೆ ಜಾಲರಿಯ ಮೇಲಿಟ್ಟು ಒಂದು ನಿಮಿಷ ಕಾದು ಕತ್ತರಿಸಿದರೆ ಚೀಸು ಹರಿದು ಹೋಗುವುದಿಲ್ಲ. ಆ ಒಂದು ನಿಮಿಷ ಯಾರೂ ಕಾಯುವುದಿಲ್ಲ, ಅದು ಬೇರೆ ಮಾತು.

ಒಳಗೆ ಇನ್ನೇನು ಸೇರಿಸಬಹುದು? ಟ್ರಫಲ್ ಎಣ್ಣೆಯನ್ನು ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾರಾಟಕ್ಕಿರುವ ಅಂಥ ಎಣ್ಣೆಗಳಲ್ಲಿ ಬಹುತೇಕಕ್ಕೆ ಆ ಘಮ ಬಂದಿರುವುದು ಅಣಬೆಯಿಂದಲ್ಲ, ಪ್ರಯೋಗಾಲಯದಿಂದ. ಈರುಳ್ಳಿಯನ್ನು ಕಂದಾಗುವಷ್ಟು ಬಾಡಿಸಿ ಇಟ್ಟರೆ ಸೊಗಸು. ಪಾಕಪುಸ್ತಕಗಳು ಹತ್ತು ನಿಮಿಷ ಎನ್ನುತ್ತವೆ, ನಂಬಬೇಡಿ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ ಇದ್ದರೆ ಈರುಳ್ಳಿಯೂ ಬೇಡ ಎಂಬುದು ನನ್ನ ಮತ.

ಅಮೆರಿಕದಲ್ಲಿ ಜೊತೆಗೆ ಟೊಮೆಟೊ ಸೂಪು ಬೇಕೇ ಬೇಕಂತೆ. ಅಷ್ಟು ಕೊಬ್ಬಿನ ನಡುವೆ ನಾಲಗೆ ತೊಳೆಯಲು ಹುಳಿಯೊಂದು ಬೇಡವೆ? ಮಧ್ಯಾಹ್ನದ ಟೊಮೆಟೊ ಸಾರು ಉಳಿದಿತ್ತು, ತಿಳಿಯನ್ನಷ್ಟೇ ಬಿಸಿಮಾಡಿ ಲೋಟಕ್ಕೆ ಬಗ್ಗಿಸಿದೆ. ಇಂಗು, ಜೀರಿಗೆ, ಮೆಣಸಿನ ಆ ಸಾರಿನ ಮುಂದೆ ಕೆನೆ ಹಾಕಿದ ಸೂಪು ಬರೀ ಸಪ್ಪೆ ಎಂದು ವಿಸ್ಕಾನ್ಸಿನ್‌ನವನೇ ಒಪ್ಪಿಕೊಂಡ ಮೇಲೆ ನಾನು ಹೇಳುವುದೇನಿದೆ.

ಅಮ್ಮನಿಗೆ ಸ್ಯಾಂಡ್‌ವಿಚ್ಚಿಗಿಂತ ಹಿಡಿಸಿದ್ದು ಕಾವಲಿಯಲ್ಲಿ ಉಳಿದದ್ದು. ಅಂಚಿನಿಂದ ಸೋರಿದ ಚೀಸು ತುಪ್ಪದಲ್ಲಿ ಹುರಿದು ಹಪ್ಪಳದಂತೆ ಕಟಕಟ ಆಗಿತ್ತು. ಇಟಲಿಯ ಫ್ರಿಯುಲಿ ಸೀಮೆಯಲ್ಲಿ ಚೀಸನ್ನು ಬೇಕೆಂದೇ ಹೀಗೆ ಹುರಿದು ಫ್ರಿಕೊ ಎಂದು ಬಡಿಸುತ್ತಾರೆ. ಅಮ್ಮ ಅದನ್ನು ದೋಸೆ ಮಗುಚುವ ಕೈಯಿಂದಲೇ ಕೆರೆದು ತೆಗೆದಳು. "ಅಜ್ಜಿ, ಅದು ಮಾಡಿದವರ ಪಾಲು!" ಎಂದು ಹುಡುಗ ಕೈಚಾಚಿದ.

"ಕಾವಲಿ ಯಾರದ್ದೋ?" ಎನ್ನುತ್ತ ಅವಳು ಅದನ್ನು ಬಾಯಿಗೆ ಹಾಕಿಕೊಂಡಳು.