ಪತ್ರವಿಲ್ಲದ ಋಣ

ಮನೆಯ ಯಜಮಾನರು ಕಾಲವಾದ ಮೇಲೆ ಆಸ್ತಿಯ ಮಾತು ತಾನಾಗಿಯೇ ಏಳುತ್ತದೆ. ಸಾಲದ ಮಾತನ್ನಾದರೋ ಯಾರಾದರೊಬ್ಬರು ಬಂದು ಎಬ್ಬಿಸಬೇಕು. ಹಾಗೆ ಎಬ್ಬಿಸತಕ್ಕವರು ಸಾಮಾನ್ಯವಾಗಿ ಕೈಯಲ್ಲಿ ಪತ್ರವನ್ನು ಹಿಡಿದವರು. ಪತ್ರವಿಲ್ಲದವರು ವೈಕುಂಠಸಮಾರಾಧನೆಯ ದಿನ ಬಂದು, ಬಾಗಿಲ ಬಳಿ ನಿಂತು ಸತ್ತವರ ಗುಣವನ್ನು ಎರಡು ಮಾತಿನಲ್ಲಿ ಕೊಂಡಾಡಿ, ಊಟ ಮಾಡಿ ಹೊರಟುಹೋಗುವರು. ಈ ಎರಡನೆಯ ವರ್ಗದವರ ವಿಚಾರವಾಗಿಯೇ ನಾನು ಬರೆಯಹೊರಟಿರುವುದು. ಆದರೆ ಮೊದಲನೆಯವರನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ.

2022ನೆಯ ಇಸವಿಯ ಜ್ಯೇಷ್ಠಮಾಸದಲ್ಲಿ ನನ್ನ ಅಣ್ಣನವರು ತೀರಿಕೊಂಡರು. ತಿಪಟೂರು ಸೀಮೆಯಲ್ಲಿ ಅವರದು ತೆಂಗಿನ ತೋಟ. ನಾವಿಬ್ಬರೂ ವಿಭಕ್ತರಾಗಿ ಬಹಳ ವರ್ಷಗಳಾಗಿದ್ದುದರಿಂದ ಅವರ ಸಾಲದಲ್ಲಿ ನನಗೆ ಹೊಣೆಯೇನೂ ಇರಲಿಲ್ಲ. “ಮಕ್ಕಳು ಬೆಂಗಳೂರಿನಲ್ಲಿರುವವರು, ಇಲ್ಲಿಯ ಲೆಕ್ಕ ಅವರಿಗೆ ತಿಳಿಯದು, ನೀವೇ ಕುಳಿತು ನೋಡಿ” ಎಂದು ಅತ್ತಿಗೆಯವರು ಹೇಳಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತು. ಪೆಟ್ಟಿಗೆಯಲ್ಲಿ ದೊರೆತ ಕಾಗದಗಳಿಂದ ಮೂರು ಸಾಲಗಳು ತಿಳಿದುವು: ಸಹಕಾರ ಸಂಘದ ಬೆಳೆಸಾಲ, ಕೊಬ್ಬರಿ ಮಂಡಿಯೊಂದರಿಂದ ಪಡೆದ ಮುಂಗಡ, ಪರಿಚಯಸ್ಥರೊಬ್ಬರಿಗೆ ಬರೆದುಕೊಟ್ಟ 50,000 ರೂಪಾಯಿಯ ಪ್ರಾಮಿಸರಿ ನೋಟು. ಇವನ್ನು ತೀರಿಸಲು ಕೈಗೆ ಸಿಕ್ಕುವ ದ್ರವ್ಯವೆಂದರೆ ಅಟ್ಟದ ಮೇಲಿನ ಕಾಯಿ.

ನಮ್ಮ ಕಡೆಯ ಅಟ್ಟವನ್ನು ಕಾಣದ ವಾಚಕರಿಗೆ ಒಂದು ಮಾತು ಹೇಳಬೇಕು. ಉಂಡೆಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವವರೆಗೆ ಇಳಿಸುವಂತಿಲ್ಲ. ಆತುರಪಟ್ಟರೆ ಹಸಿಗೊಬ್ಬರಿ ಕೆಟ್ಟ ಬೆಲೆಗೆ ಹೋಗುವುದು. ಬೆಳೆಗಾರನು ವರ್ಷದ ಬಹುಭಾಗ ಮುಂಗಡದ ಮೇಲೆ ಬಾಳುವುದಕ್ಕೆ ಈ ಕಾಯುವಿಕೆಯೇ ಒಂದು ಕಾರಣ. ಅಣ್ಣನವರು ಹೋದಾಗ ಅಟ್ಟ ಅರ್ಧ ಒಣಗಿತ್ತು. ಹದಿಮೂರನೆಯ ದಿನ ಕಳೆಯುತ್ತಲೇ ಮಂಡಿಯ ಕಡೆಯ ಮನುಷ್ಯನು ಬಂದು, ಇದ್ದದ್ದನ್ನು ಇದ್ದಂತೆ ಇಳಿಸಿ ಲೆಕ್ಕ ಮುಗಿಸಿಕೊಳ್ಳಿರೆಂದನು. ಆಗದೆಂದೆನು. ನೋಟು ಹಿಡಿದವರು ಇನ್ನೂ ಮುಂದೆ ಹೋಗಿ ಅತ್ತಿಗೆಯವರ ಕೊರಳ ಸರದ ಮೇಲೆ ಕಣ್ಣಿಟ್ಟರು.

ಆಗ ನನಗೆ ಪಾಠಶಾಲೆಯಲ್ಲಿ ಓದಿದ ವ್ಯವಹಾರಾಧ್ಯಾಯವು ಪ್ರಯೋಜನಕ್ಕೆ ಬಂದಿತು. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126). ಆ ಸ್ಮೃತಿಯ ಪ್ರಕಾರ ಹೆಂಡತಿಯು ತಾನು ಒಪ್ಪಿಕೊಂಡ, ಗಂಡನ ಸಂಗಡ ಸೇರಿ ಮಾಡಿದ, ಅಥವಾ ತಾನೇ ಮಾಡಿದ ಸಾಲವನ್ನು ತೀರಿಸಬೇಕೇ ಹೊರತು ಬೇರೆಯದನ್ನಲ್ಲ. ಅತ್ತಿಗೆಯವರು ನೋಟಿಗೆ ರುಜು ಹಾಕಿದವರಲ್ಲ. ಸರವನ್ನು ಒಳಗೆ ಇಡಿಸಿ, ಯಾರು ಏನು ಬರೆದು ತಂದರೂ ಯಾವ ಹೊಸ ಕಾಗದಕ್ಕೂ ಸಹಿ ಹಾಕಕೂಡದೆಂದು ಅವರಿಗೆ ಹೇಳಿದೆನು. ದುಃಖದ ಮನೆಯಲ್ಲಿ ನಾಚಿಕೆಗೆ ಹಾಕಿದ ಒಂದು ಸಹಿಯಿಂದ ಸತ್ತವರ ಸಾಲವು ಬದುಕಿರುವವರ ಸಾಲವಾಗುವುದುಂಟು. ಇಸ್ಪೀಟಿನ ಬಾಕಿಯೆಂದು ಒಬ್ಬನು ಬಂದುದೂ ಉಂಟು. ಜೂಜಿನ ಸಾಲ ಮಗನ ಮೇಲೆ ಬೀಳದೆಂದು ಯಾಜ್ಞವಲ್ಕ್ಯನೂ, ಪಂದ್ಯದ ಕರಾರು ನಿರರ್ಥಕವೆಂದು 1872ರ ಕರಾರು ಕಾಯಿದೆಯೂ ಹೇಳುತ್ತವೆ. ಅವನಿಗೆ ಕಾಫಿ ಕೊಟ್ಟು ಕಳುಹಿಸಿದೆವು.

ಅಣ್ಣನವರ ಕಿರಿಯ ಮಗನು ಕಾನೂನು ಬಲ್ಲವನು. “ಚಿಕ್ಕಪ್ಪ, ನೀವು ಹೇಳುವ ಪಿತೃಋಣದ ಹೊಣೆ ಈಗ ಇಲ್ಲ” ಎಂದು ಅವನು ವಿನಯದಿಂದಲೇ ಹೇಳಿದನು. ಅವನ ಮಾತು ನಿಜ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಆ ವರ್ಷದ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಮೇಲೆ ಹುಟ್ಟಿದ ಸಾಲಗಳಿಗೆ, ಮಗ, ಮೊಮ್ಮಗ, ಮರಿಮಗನೆಂಬ ಧಾರ್ಮಿಕ ಹೊಣೆಯೊಂದನ್ನೇ ಆಧಾರ ಮಾಡಿಕೊಂಡು ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಸತ್ತವನ ಆಸ್ತಿಯಲ್ಲಿ ತನ್ನ ಕೈಗೆ ಬಂದಷ್ಟಕ್ಕೆ ಮಾತ್ರ ವಾರಸುದಾರನು ಬಾಧ್ಯನು. ಋಣ ತೀರಿಸದವನು ಸಾಲ ಕೊಟ್ಟವನ ಮನೆಯಲ್ಲಿ ದಾಸನಾಗಿಯೋ ಪಶುವಾಗಿಯೋ ಹುಟ್ಟುವನೆಂದು ಹೆದರಿಸಿದ ಸ್ಮೃತಿಕಾರರಿಗಿಂತ ಈ ಕಾನೂನು ಮೃದುವಾದುದು; ಬಡವರ ಮಕ್ಕಳಿಗೆ ಇದರಿಂದ ಉಪಕಾರವೇ ಆಗಿದೆ ಎಂದು ನನ್ನ ಅಭಿಪ್ರಾಯ. ನೋಟಿಗೆ ಮೂರು ವರ್ಷದ ವಾಯಿದೆಯೂ ಮೀರಿತ್ತು. ಅದಕ್ಕೆ ಕಾನೂನಿನ ಬಲವಿಲ್ಲದಿದ್ದರೂ ಅಸಲನ್ನು ಕೊಡೋಣ, ಬಡ್ಡಿ ಬೇಡವೆಂದು ಹುಡುಗರೇ ಒಪ್ಪಿದರು.

ಇಷ್ಟರಲ್ಲಿ ಲೆಕ್ಕ ಮುಗಿಯಬೇಕಾಗಿತ್ತು. ಆದರೆ ಅಣ್ಣನವರ ದಿನಚರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಅಲ್ಲಲ್ಲಿ ‘ಇಟ್ಟದ್ದು’ ಎಂಬ ಶೀರ್ಷಿಕೆಯ ಕೆಳಗೆ ಮೊಬಲಗುಗಳಿದ್ದುವು. ಹೆಸರಿಲ್ಲ, ಒಟ್ಟು 46,000. ಕೇಳಿದುದಕ್ಕೆ ಅತ್ತಿಗೆಯವರು, ಅದು ತೋಟದಲ್ಲಿ ಕಾಯಿ ಕೀಳುವ ಆಳಿನದೆಂದರು. ಇಪ್ಪತ್ತು ವರ್ಷಗಳಿಂದ ಆತನು ಕೂಲಿಯಲ್ಲಿ ಸ್ವಲ್ಪ ಸ್ವಲ್ಪವನ್ನು “ನಿಮ್ಮಲ್ಲೇ ಇರಲಿ ಯಜಮಾನ್ರೇ, ನನ್ನ ಕೈಯಲ್ಲಿದ್ದರೆ ಉಳಿಯೋದಿಲ್ಲ” ಎಂದು ಬಿಟ್ಟಿದ್ದನಂತೆ. ಮಗಳ ಮದುವೆಗೆಂದು ಕೂಡಿಟ್ಟದ್ದು. ಸಮಾರಾಧನೆಗೆ ಆತನು ಬಂದಿದ್ದನು. ಬಾಳೆಯೆಲೆಯನ್ನು ಕೊಯ್ದು ತಂದವನೇ ಆತನು. ಹಣದ ಸೊಲ್ಲೆತ್ತಲಿಲ್ಲ.

ನಾನೇ ಆತನ ಮನೆಗೆ ಹೋದೆನು. “ಇದೆ ಮೇಷ್ಟ್ರೇ, ಆದರೆ ಈಗ ಅದನ್ನ ಹ್ಯಾಗೆ ಕೇಳೋದು?” ಎಂದನು. ಆತನ ಹೆಂಡತಿಯು ಯುಗಾದಿ, ಗೌರಿಹಬ್ಬ, ದೀಪಾವಳಿಗಳ ಹೆಸರು ಹಿಡಿದು, ಯಾವ ಹಬ್ಬಕ್ಕೆ ಎಷ್ಟು ಬಿಟ್ಟರೆಂಬುದನ್ನು ನಿಲ್ಲದೆ ಹೇಳಿದಳು. ಅವಳ ಲೆಕ್ಕ 58,000.

ಹುಡುಗರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಅವರ ಶಂಕೆಯು ಅನ್ಯಾಯದ್ದೂ ಅಲ್ಲ. ಪತ್ರವಿಲ್ಲದ ಒಬ್ಬನಿಗೆ ಕೊಟ್ಟರೆ ನಾಳೆ ಹತ್ತು ಮಂದಿ ಬರುವರು; ಅಟ್ಟದ ಹಣ ಸಂಘಕ್ಕೂ ಮಂಡಿಗೂ ನೋಟಿಗೂ ಸಾಲುವುದೇ ಕಷ್ಟ; ಉಳಿದರೆ ಆತನಿಗೆ ಏನಾದರೂ ಕೊಡೋಣ ಎಂದರು. ಆ ‘ಏನಾದರೂ’ ಎಂಬ ಮಾತು ನನಗೆ ರುಚಿಸಲಿಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು ಋಣಾದಾನ, ಎರಡನೆಯದು ನಿಕ್ಷೇಪ. ಎರಡನ್ನೂ ಬೇರೆಬೇರೆಯಾಗಿ ಇಟ್ಟುದಕ್ಕೆ ಕಾರಣವುಂಟು. ಋಣವೆಂಬುದು ನಾವು ಬೇಡಿ ತಂದದ್ದು. ನಿಕ್ಷೇಪವಾದರೋ ಇನ್ನೊಬ್ಬನು ನಂಬಿ ನಮ್ಮಲ್ಲಿ ಇಟ್ಟದ್ದು. ಸತ್ತವರ ಆಸ್ತಿಯಿರುವಷ್ಟಕ್ಕೆ ಮಾತ್ರ ಬಾಧ್ಯತೆಯೆಂದು ಹೇಳುವಾಗ, ಆ ಆಸ್ತಿಯೊಳಗೆ ಈ ಹಣವನ್ನು ಎಣಿಸಿದುದೇ ಸರಿಯಲ್ಲ. ಅದು ಮೊದಲಿನಿಂದಲೂ ಆತನದು. ಅಣ್ಣನವರು ಅದನ್ನು ತೋಟಕ್ಕೆ ಬಳಸಿದ್ದರಲ್ಲ, ಬಳಸಿದ ಮೇಲೆ ನಿಕ್ಷೇಪವೆಲ್ಲಿಯದು ಎಂದು ಪಂಡಿತರು ಆಕ್ಷೇಪಿಸಬಹುದು. ಇಂದಿನ ನ್ಯಾಯಾಲಯವೂ ಬಹುಶಃ ಅದನ್ನು ಸಾಲವೆಂದೇ ಎಣಿಸೀತು. ಆದರೆ ಇಟ್ಟ ವಸ್ತುವನ್ನು ತನ್ನಿಷ್ಟದಂತೆ ಬಳಸಿಕೊಂಡವನು ದಂಡಾರ್ಹನು, ಬಡ್ಡಿಸಹಿತ ಹಿಂದಿರುಗಿಸತಕ್ಕವನು ಎಂದು ಯಾಜ್ಞವಲ್ಕ್ಯನು ಹೇಳಿರುವುದರಿಂದ ಈ ಆಕ್ಷೇಪದಿಂದ ನಮ್ಮ ಹೊರೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

ಶಾಸ್ತ್ರದ ಮಾತು ಹುಡುಗರಿಗೆ ಸಾಲದೆಂದು ತೋರಿ ಅವರ ಕಾನೂನನ್ನೇ ಹಿಡಿದೆನು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ, ಮೃತನ ಆಸ್ತಿಯನ್ನು ನಿರ್ವಹಿಸುವವನು ಅಂತ್ಯಕ್ರಿಯೆ ಮೊದಲಾದ ವೆಚ್ಚಗಳ ತರುವಾಯ, ಮರಣಕ್ಕೆ ಹಿಂದಿನ ಮೂರು ತಿಂಗಳ ಆಳುಗಳ ಕೂಲಿಯನ್ನು ತೀರಿಸಿ, ಆಮೇಲೆ ಇತರ ಸಾಲಗಳಿಗೆ ಹೋಗಬೇಕೆಂದಿದೆ. ನಮ್ಮ ಸಂಗತಿ ಮೂರು ತಿಂಗಳದಲ್ಲ, ನಿಜ. ಆದರೆ ದುಡಿದವನನ್ನು ಮುಂದೆ ನಿಲ್ಲಿಸುವ ನ್ಯಾಯವು ಇಂಗ್ಲಿಷರ ಕಾಲದ ಆ ಪುಸ್ತಕದಲ್ಲಿಯೂ ಕಾಣುತ್ತದೆ. ಕಿರಿಯವನು ಬಹಳ ಹೊತ್ತು ಸುಮ್ಮನಿದ್ದು, “46,000ಕ್ಕೆ ಅಪ್ಪನ ಅಕ್ಷರವಿದೆ, ಅದನ್ನು ಒಪ್ಪುತ್ತೇನೆ. ಮಿಕ್ಕ 12,000ಕ್ಕೆ ಏನಿದೆ?” ಎಂದನು. ಅಲ್ಲಿಯವರೆಗೆ ಒಳಮನೆಯಲ್ಲಿದ್ದ ಅತ್ತಿಗೆಯವರು ಹೊರಗೆ ಬಂದು, “ಬರೆಯೋದನ್ನ ಮರೆಯೋದು ನಿಮ್ಮಪ್ಪನಿಗೆ ಉಂಟು ಕಣೋ. ಹಾಲಿನವನ ಲೆಕ್ಕಾನೂ ನಾನೇ ಜ್ಞಾಪಿಸಬೇಕಿತ್ತು” ಎಂದರು. ಅದರ ಮೇಲೆ ಚರ್ಚೆ ನಡೆಯಲಿಲ್ಲ.

ಕಾರ್ತಿಕದಲ್ಲಿ ಅಟ್ಟ ಇಳಿಯಿತು. ಕಾಯಿ ಸುಲಿದು ಚಿಪ್ಪು ಒಡೆಯುವ ಕೆಲಸಕ್ಕೆ ಆತನೂ ಬಂದಿದ್ದನು. ಕೊಬ್ಬರಿ ಮಾರಿದ ಹಣದಲ್ಲಿ ಮೊದಲು ಆತನ 58,000ವನ್ನೂ, ಅಂಚೆಯ ಉಳಿತಾಯ ಖಾತೆಯ ದರದಲ್ಲಿ ಲೆಕ್ಕ ಹಾಕಿದ ಬಡ್ಡಿಯನ್ನೂ ಎತ್ತಿಟ್ಟೆವು. ಆಮೇಲೆ ಸಂಘದ ಬಾಕಿ, ಮಂಡಿಯ ಬಾಕಿ. ನೋಟಿಗೆ ಅರ್ಧವೇ ಉಳಿಯಿತು. ಹಣವನ್ನು ಕೊಡಹೋದರೆ ಆತನು ಕೈ ಚಾಚಲಿಲ್ಲ. “ಅಲ್ಲೇ ಇರಲಿ ಮೇಷ್ಟ್ರೇ, ಮದುವೆ ಇನ್ನೂ ಗೊತ್ತಾಗಿಲ್ಲ” ಎಂದನು. ನಾನು ಒಪ್ಪದೆ ಗಂಡಹೆಂಡಿರಿಬ್ಬರನ್ನೂ ಅಂಚೆಮನೆಗೆ ಕರೆದುಕೊಂಡು ಹೋಗಿ ಇಬ್ಬರ ಹೆಸರಿನಲ್ಲಿ ಖಾತೆ ತೆರೆಸಿದೆನು. ಸಂಜೆ ಅವರು ಪಾಸುಪುಸ್ತಕವನ್ನು ತಂದು ಅತ್ತಿಗೆಯವರ ಮುಂದಿಟ್ಟರು. ಮಳೆಗಾಲದಲ್ಲಿ ಮನೆ ಸೋರುತ್ತದೆ, ನಿಮ್ಮ ಪೆಟ್ಟಿಗೆಯಲ್ಲಿಟ್ಟಿರಿ ಎಂದರು. ಅತ್ತಿಗೆಯವರು ಅದನ್ನು ಇಟ್ಟುಕೊಂಡು, ಇಟ್ಟ ದಿನವನ್ನು ದಿನಚರಿ ಪುಸ್ತಕದಲ್ಲಿ ಬರೆದು, ಹೆಸರನ್ನೂ ಬರೆದರು. ನೋಟಿನ ಉಳಿದ ಅಸಲು ಮರುವರ್ಷದ ಅಟ್ಟ ಇಳಿದ ಮೇಲೆ ತೀರಿತು.