ನೊರೆಯ ಜಾಡು

ನೊರೆ ಹೆಚ್ಚಾಯಿತೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಗ್ಯಾಸಿನ ರೆಗ್ಯುಲೇಟರಿಗೆ. ಥಾಣೆಯಿಂದ ಕಲ್ಯಾಣದವರೆಗೆ ನಮ್ಮೂರ ಕಡೆಯವರು ನಡೆಸುವ ಬಾರುಗಳಲ್ಲಿ ನಾನು ಕಂಡದ್ದು ಇದನ್ನೇ. ಡ್ರಾಫ್ಟ್ ಬಿಯರಿನ ನಲ್ಲಿ ತಿರುಗಿಸಿದರೆ ಮುಕ್ಕಾಲು ಪಿಚರ್ ಬರೀ ಬುರುಗು. ಒತ್ತಡ ಜಾಸ್ತಿಯಾಗಿರಬೇಕೆಂದು ಗ್ಯಾಸ್ ಇಳಿಸುತ್ತಾರೆ. ಧಾರೆ ಸಣ್ಣದಾಗುತ್ತದೆ, ನೊರೆ ಹಾಗೇ ಇರುತ್ತದೆ. ಇನ್ನಷ್ಟು ಇಳಿಸುತ್ತಾರೆ. ಆಗ ಬರುವುದೂ ನಿಧಾನ, ಬಂದದ್ದೆಲ್ಲ ನೊರೆ. ಮೇ ತಿಂಗಳ ಶನಿವಾರ ಸಂಜೆ ಆರ್ಡರುಗಳು ಸಾಲುಗಟ್ಟಿರುವಾಗ ನಲ್ಲಿಯ ಮುಂದೆ ನಿಂತ ಹುಡುಗನ ಪಾಡು ನೋಡಲಾಗುವುದಿಲ್ಲ.

ಗ್ಯಾಸ್ ಇಳಿಸಿದರೆ ನೊರೆ ಏಕೆ ಹೆಚ್ಚಬೇಕು? ಬಿಯರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಕರಗಿಯೇ ಇರಬೇಕಾದರೆ ತಂಪೂ ಬೇಕು, ಒತ್ತಡವೂ ಬೇಕು. 3 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸಾಮಾನ್ಯ ಲಾಗರ್‌ಗೆ ಸುಮಾರು 12 ಪಿಎಸ್‌ಐ ಸಾಕು. ಅದೇ ಬಿಯರ್ 20 ಡಿಗ್ರಿಗೆ ಏರಿದರೆ ದುಪ್ಪಟ್ಟಿಗೂ ಮಿಕ್ಕ ಒತ್ತಡ ಬೇಕಾಗುತ್ತದೆ. ಒತ್ತಡ ತಗ್ಗಿಸಿದಾಗ ಗ್ಯಾಸ್ ಪೈಪಿನೊಳಗೇ ಗುಳ್ಳೆಯಾಗಿ ಏಳುತ್ತದೆ. ನಿಧಾನವಾಗಿ ಸಾಗುವ ಬಿಯರ್ ದಾರಿಯಲ್ಲಿ ಹೆಚ್ಚು ಹೊತ್ತು ಉಳಿದು ಇನ್ನಷ್ಟು ಬಿಸಿಯೂ ಆಗುತ್ತದೆ. ಹೆಚ್ಚಿನ ಸಲ ರೋಗವಿರುವುದು ಬಿಯರ್ ತುಂಬಿದ ಪೀಪಾಯಿಗೂ, ಅಂದರೆ ಕೆಗ್ಗಿಗೂ, ನಲ್ಲಿಗೂ ನಡುವಿನ ಕೆಲವು ಅಡಿಗಳಲ್ಲಿ.

ಇದನ್ನು ನನಗೆ ತೋರಿಸಿಕೊಟ್ಟವರು ಕುಂದಾಪುರ ಕಡೆಯ ಒಬ್ಬ ಅಣ್ಣ. ಡೊಂಬಿವಲಿಯ ಪರ್ಮಿಟ್ ರೂಮೊಂದರ ಕೌಂಟರನ್ನು ವರ್ಷಗಟ್ಟಲೆ ನೋಡಿಕೊಂಡವರು. "ಮೊದಲನೇ ಗ್ಲಾಸ್ ನೋಡ್ಬೇಡ ಮಾರಾಯ, ಎರಡನೇದು ನೋಡು" ಎನ್ನುತ್ತಿದ್ದರು. ಮೊದಲನೆಯದು ಮಾತ್ರ ನೊರೆಯಾದರೆ ಕಾದಿರುವುದು ನಲ್ಲಿ ಮತ್ತು ಪೈಪಿನಲ್ಲಿ ನಿಂತ ಬಿಯರು. ಎಲ್ಲವೂ ನೊರೆಯಾದರೆ ಕೆಗ್ಗೇ ತಣಿದಿಲ್ಲ, ಇಲ್ಲವೇ ಗ್ಯಾಸ್ ನಿಜಕ್ಕೂ ಅತಿಯಾಗಿದೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಿಸಿಲಿಗೆ ನಿಂತು ಬಂದ 50 ಲೀಟರಿನ ಕೆಗ್ ನಡುವಿನವರೆಗೆ ತಣಿಯಲು ಇಡೀ ಒಂದು ದಿನ ಬೇಕು. ಗಿರಾಕಿಗೆ ಅಷ್ಟು ತಾಳ್ಮೆ ಎಲ್ಲಿಂದ? ಪೈಪು ಪಾರದರ್ಶಕವಾಗಿದ್ದರೆ ಅಣ್ಣ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಕೆಗ್ಗಿನ ಬಾಯಲ್ಲೇ ಗುಳ್ಳೆ ಕಂಡರೆ ವಾಶರ್ ಹರಿದು ಗ್ಯಾಸ್ ಒಳನುಗ್ಗುತ್ತಿರಬಹುದು. ನಲ್ಲಿ ಸಮೀಪಿಸಿದ ಮೇಲೆ ಎದ್ದರೆ ಅದು ಬಿಸಿಯ ಕೆಲಸ. ಎರಡು ವಾರಕ್ಕೊಮ್ಮೆ ಪೈಪು ತೊಳೆಯದಿದ್ದರೆ ಒಳಗೆ ಕಟ್ಟುವ ಒರಟು ಪದರವೇ ಗುಳ್ಳೆಗಳ ಹುಟ್ಟುನೆಲೆ. ನಲ್ಲಿಯನ್ನು ಅರ್ಧ ತೆರೆಯುವವರನ್ನಂತೂ ಅವರು ಗದರದೆ ಬಿಡುತ್ತಿರಲಿಲ್ಲ. ಇಕ್ಕಟ್ಟಿನಲ್ಲಿ ನುಗ್ಗಿದ ಬಿಯರು ಕಲಕಿ ನೊರೆಯೇಳುತ್ತದೆ. ಯಾವ ಕಾಲೇಜೂ ಕಲಿಸದ ಈ ವಿದ್ಯೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಅಣ್ಣನ ಈ ಪಾಠ ಮುಂದೆ ನನಗೆ ಒದಗಿದ್ದು ಮನೆಯ ಕೆಗ್ಗೊಂದಕ್ಕೆ. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಕ್ಕೆ ಬ್ರಿಟನ್ 1963ರಲ್ಲಿ ಲೈಸೆನ್ಸಿನ ಕಟ್ಟು ಬಿಚ್ಚಿತು. ಇಲ್ಲಿ ಮಹಾರಾಷ್ಟ್ರದಲ್ಲಿ 1949ರ ಮುಂಬಯಿ ಮದ್ಯನಿಷೇಧ ಕಾಯ್ದೆ ಹೆಸರು ಬದಲಾಯಿಸಿಕೊಂಡು ಇಂದಿಗೂ ಜಾರಿಯಲ್ಲಿದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಲು ಅದು ಬಿಡುವುದಿಲ್ಲ. ಹಾಗಾಗಿ ಖಾರ್ಘರಿನ ನನ್ನ ಸೋದರಳಿಯ 19 ಲೀಟರಿನ ಸ್ಟೀಲ್ ಕೆಗ್ ತರಿಸಿದ್ದು ಪುನರ್ಪುಳಿ ಸೋಡಾಕ್ಕೆಂದು. ಅಮೆರಿಕದಲ್ಲಿ ತಂಪು ಪಾನೀಯದ ಸಿರಪ್ ತುಂಬಲೆಂದೇ ಹುಟ್ಟಿದ ಕೆಗ್ ಅದು. ಬಿಯರಿನವರ ಕೈಗೆ ಬಂದದ್ದು ಆಮೇಲೆ. ಸೋಡಾದ ತವರಾದರೂ ಬಿಯರಿನ ಮನೆಯೇ. 1767ರ ಸುಮಾರಿಗೆ ಲೀಡ್ಸ್‌ನಲ್ಲಿ ಬ್ರೂವರಿಯ ನೆರೆಮನೆಯಲ್ಲಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಯ ಮೇಲೆ ನಿಲ್ಲುತ್ತಿದ್ದ ಗಾಳಿಯನ್ನು ನೀರಿಗೆ ಹಿಡಿಸಿದ. ಸೋಡಾದ ಕತೆ ಅಲ್ಲಿಂದ ಶುರು.

"ಮಾವ, ಗ್ಯಾಸ್ ಪೂರಾ ಇಳಿಸಿದ್ದೇನೆ, ಆದರೂ ನೊರೆ ನಿಲ್ತಾ ಇಲ್ಲ" ಎಂದು ಅವನು ಫೋನ್ ಮಾಡಿದಾಗ ಪನ್ವೇಲ್ ಕಡೆಯ ಬಸ್ಸು ಹತ್ತಿದೆ. ಕೆಗ್ಗಿನ ವಾಲ್ವ್ ಬಿಚ್ಚಿದರೆ ಪುನರ್ಪುಳಿ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು. ಧಾರೆಯನ್ನು ಹಿಡಿದದ್ದೂ ಅವೇ, ಗುಳ್ಳೆ ಎಬ್ಬಿಸಿದ್ದೂ ಅವೇ. ರಸವನ್ನು ತೆಳು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದೆವು.

ಇನ್ನೊಂದು ತೊಡಕು ಪೈಪಿನದು, ಅದು ಬರೀ ಮೊಳದುದ್ದವಿತ್ತು. ಆಗುಂಬೆ ಘಾಟಿಯನ್ನು ಬಸ್ಸು ತಿರುವು ತಿರುವಾಗಿ ಇಳಿಯುವಂತೆ ಒತ್ತಡವೂ ನಲ್ಲಿ ತಲುಪುವಷ್ಟರಲ್ಲಿ ಮೆಲ್ಲಗೆ ಇಳಿದಿರಬೇಕು. ಐದು ಮಿಲಿಮೀಟರ್ ಒಳವ್ಯಾಸದ ಸಣ್ಣ ಪೈಪಾದರೆ ಬಿಯರಿಗೆ ಮೂರು ಮೀಟರಿನ ಆಸುಪಾಸು ಸಾಕಾಗಬಹುದು. ಸೋಡಾಕ್ಕೆ ಗ್ಯಾಸ್ ಹೆಚ್ಚು, ಹಾಗಾಗಿ ಪೈಪು ಇನ್ನೂ ಉದ್ದ ಬೇಕು. ಉದ್ದದ ಪೈಪನ್ನು ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಟ್ಟೆವು. ಇನ್ನು ಗ್ಯಾಸ್ ಏರಿಸು ಎಂದಾಗ ಅವನು ನನ್ನ ಮುಖ ನೋಡಿದ, ಆದರೂ ಏರಿಸಿದ. ಕೆಲವು ದಿನ ತಂಪಿನಲ್ಲಿ ಬಿಟ್ಟು ನಲ್ಲಿಯನ್ನು ಪೂರ್ತಿ ತೆರೆದರೆ ಕೆಂಪು ಧಾರೆ ಸರಾಗ ಇಳಿದು, ಮೇಲೆ ಬೆರಳಗಲ ಮಾತ್ರ ನೊರೆ ನಿಂತಿತು.

ಮೊದಲ ಗ್ಲಾಸು ಮಾತ್ರ ಈಗಲೂ ಸ್ವಲ್ಪ ಉಕ್ಕುತ್ತದೆ, ಏಕೆಂದರೆ ನಲ್ಲಿ ಫ್ರಿಜ್ಜಿನ ಬಾಗಿಲ ಹೊರಗಿದೆ. ಕಂಪ್ಯೂಟರಿನ ಹಳೆಯ ಫ್ಯಾನೊಂದನ್ನು ಒಳಗೆ ಕೂರಿಸಿ ತಂಪುಗಾಳಿಯನ್ನು ನಲ್ಲಿಯ ಬುಡಕ್ಕೆ ಊದಿಸುವುದು ಅವನ ಯೋಚನೆ. ಫ್ಯಾನಿಗೆ ತಂತಿ ಎಲ್ಲಿಂದ ಎಳೆಯುವುದೆಂದು ಈ ಭಾನುವಾರ ನೋಡಬೇಕು.