ಫೋಟೋಕ್ಕೆ ಎಂತ ಉಡದು?

ಅತ್ತೆಗೆ 80 ತುಂಬ್ತು ಹೇಳಿ ಮನೆಯವೆಲ್ಲ ಸೇರಿ ಒಂದು ಫೋಟೋ ತೆಗ್ಸದು ಅಂತ ಆತು. ಬೆಂಗ್ಳೂರಿಂದ ಸೊಸೆ ವಾಟ್ಸಾಪಲ್ಲಿ ಬಣ್ಣ ಕಳ್ಸಿತ್ತು, ಎಲ್ಲರಿಗೂ ತಿಳಿಹಸಿರು. ಯಂಗಳ ಅಂಗಳದ ಹಿಂದೆ ಅಡಿಕೆ ತೋಟ. ಹಸಿರು ಉಟ್ಟು ನಿಂತ್ರೆ ಮುಖ ಮಾತ್ರ ಕಾಣ್ತು ಹೇಳ್ದಿ. ಎಲ್ಲಾ ನಗ್ಯಾಡ್ದ, ಆದ್ರೆ ಬಣ್ಣ ಬದಲಾತು. ನಿಂಗಳದ್ದೂ ತೋಟದ ಮನೆ ಆದ್ರೆ ನೆನಪಿಟ್ಕಳಿ. ಫೋಟೋ ತೆಗೆಯೋ ಮಾಣಿ ಒಂದೇ ಮಾತು ಹೇಳಿದ್ದ, ಸಣ್ಣ ಚೌಕಳಿ ಸೀರೆ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಮಿನುಗ್ತು.

ಅತ್ತೆ ತೆಗೆದಿಟ್ಟದ್ದು ಅದನ್ನೇ! ಸಣ್ಣ ಚೌಕಳಿಯ ಇಳಕಲ್ ಸೀರೆ, ಕೆಂಪು ಸೆರಗಿಗೆ ಬಿಳಿ ತೆನೆ. 2019ರ ಆಗಸ್ಟಲ್ಲಿ ಚಂಡಿಕಾ ಹೊಳೆ ಉಕ್ಕಿ ಮನೆಯೊಳಗೆ ಬಂದಾಗ ಟ್ರಂಕು ಮುಳುಗಿ, ಮಾವನ ಜೊತೆಗೆ ತೆಗ್ಸಿದ್ದ ಒಂದೇ ಫೋಟೋ ಮುದ್ದೆ ಆಗಿತ್ತು. ಮಾವ ಈಗ ಇಲ್ಲೆ. ಸೀರೆ ಉಳ್ದಿತ್ತು, ಎಷ್ಟು ತೊಳೆದ್ರೂ ಅಂಚಿನ ಕೆಸರಿನ ಕಲೆ ಹೋಗಲೇ ಇಲ್ಲೆ.

"ಆ ಫೋಟೋದಲ್ಲಿ ಇದನ್ನೇ ಉಟ್ಟಿದ್ದಿ ಕೂಸೇ" ಹೇಳ್ತು ಅತ್ತೆ.

ಆನು ಮತ್ತೆ ಮಾತಾಡಿದ್ದಿಲ್ಲೆ. ಸೊಸೆಗೆ ಫೋನ್ ಮಾಡಿ, ಅತ್ತೆ ಸೀರೆಗೆ ಹೊಂದೋ ಹಾಂಗೆ ನಾವು ಉಡನ ಹೇಳ್ದಿ. ಮಾಣಿ ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹೋಗಿ ತೆಗೆದು ನೋಡ್ದ. ಮಿನುಗು ಸುಮಾರು ಕಡಿಮೆ ಆತು.

ಕಲೆ ಕಾಣದ ಹಾಂಗೆ ನೆರಿಗೆ ಸರಿ ಮಾಡಲೆ ಬಗ್ಗಿದ್ರೆ ಅತ್ತೆ ಕೈ ಹಿಡಿದು ತಡೀತು. "ಇರ್ಲಿ ಬಿಡೆ. ಕನ್ನಡಕ ತೆಗಿಯವನೇ, ಬೇಡದನೇ? ಅದು ಹೇಳು."